ಚೆಂಡು ಹೂ ತಿಂದ ಕೋಳಿ

ಗುಂಡ್ಲುಪೇಟೆ ಕಡೆ ಚೆಂಡು ಹೂ ಅರಳಿದಾಗ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರೇ ಜಾಸ್ತಿ. ಆದರೆ ಆ ಹೂವಿನಲ್ಲಿ ಬಹಳಷ್ಟು ದೇವರ ಮುಡಿಗೆ ಹೋಗುವುದಿಲ್ಲ, ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಹೂ ಒಣಗಿಸಿ, ಲೂಟೀನ್ ಎಂಬ ಹಳದಿ ಬಣ್ಣ ತೆಗೆಯುತ್ತಾರೆ. ಅದರಲ್ಲಿ ಒಂದಷ್ಟು ಕೋಳಿಯ ಹೊಟ್ಟೆ ಸೇರುತ್ತದೆ!

ಈ ಬಣ್ಣವನ್ನು ತಾನೇ ತಯಾರಿಸಿಕೊಳ್ಳಲು ಕೋಳಿಗೆ ಬರುವುದಿಲ್ಲ. ತಿಂದಿದ್ದೇ ಮೊಟ್ಟೆಯೊಳಗಿನ ಹಳದಿ ಭಾಗಕ್ಕೆ ಇಳಿಯಬೇಕು. ಹಳದಿ ಮುಸುಕಿನ ಜೋಳ ಹಾಕಿದರೆ ಒಳಗೂ ಹಳದಿ. ಬರೀ ನುಚ್ಚಕ್ಕಿ, ಬಿಳಿ ಜೋಳ ಹಾಕಿದರೆ ಆ ಭಾಗ ಬಿಳಿಚಿಕೊಳ್ಳುತ್ತದೆ. ಕೇಸರಿ ಬೇಕಾ? ಕೆಂಪು ಮೆಣಸಿನಕಾಯಿಯ ಬಣ್ಣ ಸ್ವಲ್ಪ ಸೇರಿಸುತ್ತಾರೆ. ಕೋಳಿ ಏನೂ ಬಾಯಿ ಬಾಯಿ ಬಡಿದುಕೊಳ್ಳುವುದಿಲ್ಲ, ಮೆಣಸಿನ ಖಾರ ಹಕ್ಕಿಗಳಿಗೆ ತಟ್ಟುವುದೇ ಇಲ್ಲ.

'ಒಳಗಿನ ಬಣ್ಣ ನೋಡಿ ಸಾರ್, ನಾಟಿ ಮೊಟ್ಟೆ' ಅಂತ ಅಂಗಡಿಯವರು ಎರಡು ಕಾಸು ಜಾಸ್ತಿ ಕೇಳಿದರೆ ಈಗ ಸುಮ್ನೆ ನಗು ಬರುತ್ತದೆ. ತಿಪ್ಪೆ ಕೆದಕಿ ಸೊಪ್ಪುಸದೆ ತಿನ್ನುವ ಕೋಳಿಗೆ ಸಿಗುವುದೂ ಅದೇ ಲೂಟೀನ್. ಎಲೆಯ ಹಸಿರಿನೊಳಗೆ ಅಡಗಿರುತ್ತದೆ ಅಷ್ಟೆ. ಒಡೆದ ಮೊಟ್ಟೆ ನೋಡಿ ಅದು ಹಿತ್ತಲಿನದೋ ಫಾರಂನದೋ ಅಂತ ಹೇಳುವುದು ಹೇಗೆ, ಅಲ್ವಾ? ರುಚಿಯ ಮಾತು ಬಂದರೆ ಮಾತ್ರ ನಾನು ಈಗಲೂ ನಾಟಿ ಮೊಟ್ಟೆಯ ಪಾರ್ಟಿಯೇ.