95 ದಿನದ ಮೇಲೆ ಕೈಗೆ ಬಂದ ಕವರ್

2024ರ ವರಮಹಾಲಕ್ಷ್ಮಿ ಹಬ್ಬ. ಆಗಸ್ಟ್ 16ರ ಸಂಜೆ ತುಮಕೂರಿನ ಎಸ್.ಎಸ್. ಪುರಂನ ಹಳೇ ಮನೆ ಓನರ್ ಆಂಟಿ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ನಾವು ಆ ಮನೆ ಬಿಟ್ಟು ಶೆಟ್ಟಿಹಳ್ಳಿಗೆ ಬಂದು ಒಂದೂವರೆ ವರ್ಷ ಆಗಿತ್ತು. ಆದರೂ ಅವರು ಒಂದು ಹಬ್ಬವನ್ನೂ ತಪ್ಪಿಸದೆ ಕರೆಯುತ್ತಾರೆ. ತಾಂಬೂಲ ಕೊಟ್ಟು ಬಾಗಿಲವರೆಗೆ ಬಂದವರು "ಇರು, ಇರು" ಎಂದು ಒಳಗೆ ಹೋಗಿ ಒಂದು ಕವರ್ ತಂದರು.

"ಹೋದ ತಿಂಗಳೇ ಪೋಸ್ಟ್‌ಮ್ಯಾನ್ ಕೊಟ್ಟು ಹೋದ ಕಣಮ್ಮ. ಹಬ್ಬಕ್ಕೆ ನೀನು ಬಂದೇ ಬರ್ತೀಯಲ್ಲ ಅಂತ ಎತ್ತಿಟ್ಟಿದ್ದೆ."

ಕಾರಿನಲ್ಲಿ ಕೂತು ಒಡೆದು ನೋಡಿದೆ. ಅತಿ ವೇಗಕ್ಕೆ ದಂಡದ ನೋಟಿಸ್. ಮೇ 13, ಬೆಳಗ್ಗೆ 8 ಗಂಟೆ 52 ನಿಮಿಷ, ಹಿರೇಹಳ್ಳಿ ದಾಟಿ ಡಾಬಸ್‌ಪೇಟೆ ಕಡೆಗೆ. ಮಿತಿ 80, ನನ್ನ ಕಾರಿನ ವೇಗ 97. ದಂಡ 1000 ರೂಪಾಯಿ. ಕೆಳಗೆ ಮಸುಕಾದ ಫೋಟೊ. ಕೆಎ 06 ಎಂದು ಶುರುವಾಗುವ ನನ್ನದೇ ನಂಬರು, ಹಿಂದಿನ ಗಾಜಿನ ಮೇಲೆ ಮಗಳು ಅಂಟಿಸಿದ ಚಿಟ್ಟೆ ಸ್ಟಿಕ್ಕರ್.

ಮನೆಗೆ ಬಂದ ತಕ್ಷಣ ನಮ್ಮ ಯಜಮಾನರು ಹೇಳಿದ್ದು, "ದುಡ್ಡು ಕಟ್ಟೋಕೆ ಮುಂಚೆ ನಿಜವೋ ಸುಳ್ಳೋ ನೋಡು" ಅಂತ. ಚಲನ್ ಹೆಸರಲ್ಲಿ ಮೊಬೈಲಿಗೆ ಸುಳ್ಳು ಲಿಂಕ್ ಕಳಿಸಿ ಖಾತೆ ಖಾಲಿ ಮಾಡುವವರು ಜಾಸ್ತಿ ಆಗಿದ್ದಾರಲ್ವಾ. ಕೊನೆಯಲ್ಲಿ ಗವ್ ಡಾಟ್ ಇನ್ ಎಂದಿರುವ ಸರ್ಕಾರದ ಪರಿವಾಹನ್ ಇ-ಚಲನ್ ಸೈಟನ್ನು ನಾವೇ ತೆರೆದು, ಗಾಡಿ ನಂಬರು ಹಾಕಿ, ಚಾಸಿ ನಂಬರಿನ ಕೊನೇ ಐದು ಅಂಕಿ ಹಾಕಿದೆವು. ಚಲನ್ ನಿಜವಾಗಿಯೂ ಇತ್ತು.

ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಸಾವಿರ ರೂಪಾಯಿ ಹೋಯಿತಲ್ಲ ಅಂತಲ್ಲ. ಮೇ 13 ನನಗೆ ನೆನಪಿಗೇ ಬರಲಿಲ್ಲ. ಮಗಳಿಗೆ ಜ್ವರ ಇತ್ತಾ? ಊರಿಂದ ಅಮ್ಮ ಫೋನ್ ಮಾಡಿದ್ದರಾ? ಏನಾದರೂ ಒಂದು ಅವಸರ ಇದ್ದಿರಲೇಬೇಕು ಎಂದುಕೊಂಡು ಮೊಬೈಲಿನ ಫೋಟೊ ಹುಡುಕಿದೆ, ಮೆಸೇಜು ಹುಡುಕಿದೆ. ಸೋಮವಾರ ಎನ್ನುವುದು ಬಿಟ್ಟರೆ ಏನೂ ಸಿಗಲಿಲ್ಲ.

ಮರುದಿನ ಫ್ಯಾಕ್ಟರಿಯಲ್ಲಿ ಹಾಜರಾತಿ ತೆಗೆಸಿ ನೋಡಿದೆ. ನಾನು ಡಾಬಸ್‌ಪೇಟೆಯ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಕೆಲಸ ಶುರುವಾಗುವುದು ಒಂಬತ್ತೂವರೆಗೆ. ಮೇ 13ರಂದು ನಾನು ಒಳಗೆ ಬಂದ ಹೊತ್ತು 9 ಗಂಟೆ 6 ನಿಮಿಷ. ಇಪ್ಪತ್ನಾಲ್ಕು ನಿಮಿಷ ಮುಂಚೆ!

ಇದು ನನ್ನನ್ನು ಬಹಳ ಕಾಡಿತು. ಅವಸರ ಇರಲಿಲ್ಲ, ಸುಮ್ನೆ ಓಡಿಸಿದ್ದೇನೆ. ರಸ್ತೆ ಅಗಲವಾಗಿದೆ, ಪಕ್ಕದವರು ಹೋಗುತ್ತಿದ್ದಾರೆ, ನಾನೂ ಹೋಗಿದ್ದೇನೆ. ಲೆಕ್ಕ ಹಾಕಿದೆ. ಹತ್ತು ಕಿಲೋಮೀಟರ್ ದಾರಿಗೆ 80ರಲ್ಲಿ ಏಳೂವರೆ ನಿಮಿಷ ಬೇಕು, 97ರಲ್ಲಿ ಆರು ನಿಮಿಷ ಚಿಲ್ಲರೆ. ಉಳಿಯುವುದು ಒಂದು ನಿಮಿಷ ಇಪ್ಪತ್ತು ಸೆಕೆಂಡ್. ಆದರೆ 97ರಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 27 ಮೀಟರ್ ಹೋಗುತ್ತದೆ. ಆ ದಾರಿಯಲ್ಲಿ ಹಳ್ಳಿಯವರು ಹುಲ್ಲಿನ ಹೊರೆ ಹೊತ್ತು ರಸ್ತೆ ದಾಟುವುದನ್ನು ನಾನೇ ಎಷ್ಟು ಸಲ ನೋಡಿದ್ದೇನೆ.

ಹಾಗಂತ ನೋಟಿಸ್ ತಡವಾದದ್ದನ್ನು ನಾನು ಸುಲಭಕ್ಕೆ ಬಿಡಲಾರೆ. ನೋಟಿಸಿನ ಮೇಲಿದ್ದ ತಾರೀಖು ಜೂನ್ 27. ತಪ್ಪಾದ 45ನೇ ದಿನ. 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167ಎ ಪ್ರಕಾರ, ಕ್ಯಾಮೆರಾದಲ್ಲಿ ಸಿಕ್ಕ ತಪ್ಪಿಗೆ 15 ದಿನದೊಳಗೆ ನೋಟಿಸ್ ಕಳಿಸಬೇಕು. ವೇಗ ಅಳೆಯುವ ಜಾಗಕ್ಕೆ ಮೊದಲೇ ಎಚ್ಚರಿಕೆಯ ಬೋರ್ಡೂ ಇರಬೇಕು. ಬೋರ್ಡ್ ಇದೆಯಾ ಎಂದು ಸೋಮವಾರ ಹೋಗುವಾಗ ನಿಧಾನ ಮಾಡಿ ನೋಡಿದೆ. ಇತ್ತು. ಚೆನ್ನಾಗಿಯೇ ಕಾಣುತ್ತಿತ್ತು.

ಉಳಿದ ಐವತ್ತು ದಿನದ ತಡದಲ್ಲಿ ನನ್ನ ಪಾಲು ಇದೆ. ಮನೆ ಬದಲಾಯಿಸಿದರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಎಂದು ಕಾನೂನಿದೆ. ಗ್ಯಾಸಿಗೆ, ಬ್ಯಾಂಕಿಗೆ, ಮಗಳ ಶಾಲೆಗೆ ಎಲ್ಲಾ ಕಡೆ ಹೊಸ ವಿಳಾಸ ಕೊಟ್ಟಿದ್ದೆ. ಆರ್‌ಸಿ ಮಾತ್ರ ಹಳೇ ವಿಳಾಸದಲ್ಲೇ ಇತ್ತು, ಅದರಲ್ಲಿದ್ದ ಮೊಬೈಲ್ ನಂಬರೂ ಹಳೆಯದು. ಹಾಗಾಗಿ ಮೆಸೇಜೂ ಬರಲಿಲ್ಲ.

ಶನಿವಾರ ಅರ್ಧ ದಿನ ರಜೆ ಹಾಕಿ ಠಾಣೆಗೆ ಹೋದೆ. ವಯಸ್ಸಾದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ನೋಟಿಸ್ ತಿರುಗಿಸಿ ಮುರುಗಿಸಿ ನೋಡಿದರು. "ನೀವು ಹೇಳೋದು ಸರಿ ಮೇಡಂ, ತಡ ಆಗಿದೆ. ಒಪ್ಪಿಗೆ ಇಲ್ಲ ಅಂದ್ರೆ ಕೋರ್ಟಲ್ಲಿ ಕೇಳಬಹುದು. ಇಲ್ಲಾಂದ್ರೆ ಕಟ್ಟಿಬಿಡಿ."

ಕೂರಲು ಬೆಂಚು ತೋರಿಸಿದರು. ಹತ್ತು ನಿಮಿಷ ಯೋಚಿಸಿದೆ. ವೇಗವಾಗಿ ಓಡಿಸಿದ್ದು ನಾನೇ, ಅದರಲ್ಲಿ ಸಂಶಯ ಇಲ್ಲ. ಸಾವಿರ ರೂಪಾಯಿ ಕಟ್ಟಿ ರಸೀದಿ ತೆಗೆದುಕೊಂಡೆ. ಆಮೇಲೆ ಒಂದು ಬಿಳಿ ಹಾಳೆ ಕೇಳಿ, ಅಲ್ಲೇ ಕೂತು ನೋಟಿಸ್ ಕಳಿಸಿದ ಕಚೇರಿಗೆ ಪತ್ರ ಬರೆದೆ.

ಅದರಲ್ಲಿ ಬರೆದದ್ದು ಇಷ್ಟು. ಮೇ 13ರಿಂದ ಈವರೆಗೆ ನಾನು ಹೆಚ್ಚು ಕಡಿಮೆ 80 ದಿನ ಅದೇ ಜಾಗದಲ್ಲಿ ಹೋಗಿದ್ದೇನೆ. ಎಷ್ಟು ವೇಗದಲ್ಲಿ ಹೋದೆ ಎಂದು ನನಗೆ ಗೊತ್ತಿಲ್ಲ. 80ರ ಮಿತಿ ದಾಟಿದ ದಿನಗಳೇ ಜಾಸ್ತಿ ಇರಬೇಕು. ಈ ನೋಟಿಸ್ ಮೇ ತಿಂಗಳಲ್ಲೇ ಹೊರಟಿದ್ದರೆ, ಮನೆ ಓನರ್ ಆಂಟಿಯ ಕೈಯಲ್ಲಿ ಒಂದು ತಿಂಗಳು ಕೂತಿದ್ದರೂ ನನಗೆ ಜೂನ್ ಕೊನೆಗೆ ಸಿಗುತ್ತಿತ್ತು. ಅಲ್ಲಿಂದ ಮುಂದಿನ ದಿನಗಳಲ್ಲಿ ನಾನು ನಿಧಾನವಾಗಿ ಹೋಗುತ್ತಿದ್ದೆ. ದಯವಿಟ್ಟು 15 ದಿನದೊಳಗೆ ಕಳಿಸಿ. ದುಡ್ಡಿಗಾಗಿ ಕೇಳುತ್ತಿಲ್ಲ, ರಸ್ತೆ ದಾಟುವವರಿಗಾಗಿ ಕೇಳುತ್ತಿದ್ದೇನೆ.

ಆ ಹೆಡ್ ಕಾನ್‌ಸ್ಟೇಬಲ್ ಪತ್ರವನ್ನು ನಿಂತೇ ಪೂರ್ತಿ ಓದಿದರು. ಸೀಲ್ ಹಾಕಿ ಒಂದು ಪ್ರತಿ ನನಗೆ ಕೊಟ್ಟರು. "ನನ್ನ ತಮ್ಮ ಹೋಗಿದ್ದು ಕ್ಯಾತ್ಸಂದ್ರದ ಹತ್ರ ಮೇಡಂ, ರಸ್ತೆ ದಾಟೋವಾಗ್ಲೇ" ಎಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಕೈ ಮುಗಿದು ಹೊರಗೆ ಬಂದೆ.

ಅದೇ ವಾರ ಆರ್‌ಸಿಯ ವಿಳಾಸ ಬದಲಾವಣೆಗೆ ಅರ್ಜಿ ಹಾಕಿದೆ, ಮೊಬೈಲ್ ನಂಬರನ್ನೂ ಸರಿಮಾಡಿಸಿದೆ. ಈಗ ಮನೆಯಿಂದ ಹತ್ತು ನಿಮಿಷ ಮುಂಚೆ ಹೊರಡುತ್ತೇನೆ. ಹಿರೇಹಳ್ಳಿ ದಾಟುವಾಗ ಮುಳ್ಳು 75ರ ಆಸುಪಾಸು ಇರುತ್ತದೆ. ಹಿಂದಿನ ಲಾರಿಯವರು ಹಾರ್ನ್ ಹೊಡೆದು ಪಕ್ಕದಿಂದ ಹೋಗುತ್ತಾರೆ. ದೂರದಲ್ಲಿ ಶಿವಗಂಗೆ ಬೆಟ್ಟ ಕಾಣಿಸುತ್ತದೆ.