ಸಾಸಿವೆ ಹೊಲದಲ್ಲಿ ಅಜ್ಜನ ಚರಗ

ಈ ವರ್ಷ ನಮಗೆ ಹಬ್ಬ ಇಲ್ಲ ಅಂತ ಅಮ್ಮ ಫೋನಿನಲ್ಲಿ ಮೊದಲೇ ಹೇಳಿಬಿಟ್ಟಿದ್ದಳು. ಅಜ್ಜ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ದೀಪಾವಳಿಗೂ ಊರ ಮನೆಯಲ್ಲಿ ಹೋಳಿಗೆ ಮಾಡಿರಲಿಲ್ಲ. ನಾನೂ ಹೂಂ ಅಂದು ಸುಮ್ಮನಿದ್ದೆ. ಆದರೆ ಎಳ್ಳ ಅಮವಾಸ್ಯೆ ಹತ್ತಿರ ಬಂದಾಗ ಅಜ್ಜಿಯೇ ಫೋನ್ ಹಚ್ಚಿಸಿದಳು. ತನ್ನ ಅವ್ವ ಸತ್ತ ವರ್ಷವೂ ಅಜ್ಜ ಹೊಲಕ್ಕೆ ಹೋಗಿ ಚರಗ, ಅಂದರೆ ಭೂಮಿಗೆ ಕೊಡೋ ಎಡೆ, ಚೆಲ್ಲಿ ಬಂದಿದ್ದನಂತೆ. "ಭೂಮಿಗೆ ಎಲ್ಲೀ ಸೂತಕ? ನೀ ಎಲ್ಲಿದ್ದಿ ಅಲ್ಲೇ ಚೆಲ್ಲು" ಅಂದಳು.

ಎಲ್ಲಿ ಚೆಲ್ಲೋದು? ನಾನಿರೋದು ಗುರುಗ್ರಾಮದಲ್ಲಿ, ಹನ್ನೊಂದನೇ ಮಹಡಿ. ಬಾಲ್ಕನಿಯಲ್ಲಿ ಒಂದು ತುಳಸಿ, ಎರಡು ಮೆಣಸಿನ ಗಿಡ. ನನ್ನ ಜಮೀನು ಅಂದರೆ ಅಷ್ಟೇ.

ನಮ್ಮೂರು ಕೊಪ್ಪಳ ಜಿಲ್ಲೆಯ ಕುಕನೂರು ಕಡೆ. ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ತುಂಗಭದ್ರಾ ಡ್ಯಾಂ ನಮ್ಮ ಜಿಲ್ಲೆಯ ಅಂಚಿನಲ್ಲೇ ಇದ್ದರೂ ನಮ್ಮ ಹೊಲಕ್ಕೆ ಅದರ ಒಂದು ಹನಿ ನೀರು ಬರಲ್ಲ, ಗಂಗಾವತಿ ಕಡೆಯವರು ಭತ್ತ ಬೆಳೆದರೆ ನಾವು ಮಳೆ ನಂಬಿಕೊಂಡು ಬಿಳಿಜೋಳ, ಕಡಲೆ, ಕುಸುಬೆ ಬಿತ್ತೋರು. ಎಳ್ಳ ಅಮವಾಸ್ಯೆ ಹೊತ್ತಿಗೆ ಜೋಳ ಆಳೆತ್ತರ ನಿಂತಿರುತ್ತೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ, ಪಾಂಡವರು ಅಂತ ಪೂಜೆ ಮಾಡಿ, ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಹೊಲದ ತುಂಬಾ ಚೆಲ್ಲೋದು. ಮುಂದೆ ಒಬ್ಬರು "ಹುಲ್ಲುಲ್ಲಿಗೋ" ಅಂತ ಕೂಗಿ ಚೆಲ್ಲಿದರೆ ಹಿಂದಿನವರು "ಚಲ್ಲಾಂಬ್ರಿಗೋ" ಅಂತ ನೀರು ಚಿಮುಕಿಸಬೇಕು. ಈ ಕೂಗು ಊರಿಗೊಂದು ಥರ. ಇಲ್ಲಿರೋ ರಾಯಚೂರಿನ ಗೆಳೆಯ ಬೇರೇನೋ ಅಂತಾನೆ, ನಮ್ಮದೇ ಸರಿ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ.

ಕೊನೆಗೆ ಆಫೀಸಿನ ಗೆಳೆಯನೊಬ್ಬ ಝಜ್ಜರ್ ಕಡೆ ಇರೋ ತನ್ನ ಚಿಕ್ಕಪ್ಪನ ಹೊಲಕ್ಕೆ ಕರೆದ. 2024ರ ಡಿಸೆಂಬರ್ 30, ಸೋಮವಾರ. ಕೊಪ್ಪಳ, ರಾಯಚೂರು, ಬಳ್ಳಾರಿಯ ನಾಲ್ಕು ಮನೆಯವರು ರಜೆ ಹಾಕಿದೆವು. ಜೋಳದ ಹಿಟ್ಟು ಹುಡುಕಿ ಹುಡುಕಿ ಸಾಕಾಯ್ತು, ಆದರೆ ಸಜ್ಜೆಗೆ ಹರಿಯಾಣದಲ್ಲಿ ಏನು ಬರ! ಅವರೂ ಚಳಿಗಾಲಕ್ಕೆ ಸಜ್ಜೆ ರೊಟ್ಟಿ ತಿನ್ನೋರೇ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೊಸರು ಬುತ್ತಿ ಎಲ್ಲ ಆಯ್ತು. ಪುಂಡಿಪಲ್ಲೆ ಸಿಗಲಿಲ್ಲ. ಇಲ್ಲಿ ಗೋಧಿ ಹೊಲದಲ್ಲಿ ತಾನಾಗೇ ಬೆಳೆಯೋ ಬಥುವಾ ಸೊಪ್ಪಿಗೆ ಹುಣಸೆಹಣ್ಣು ಹಿಂಡಿ ಹೆಂಡತಿ ಭಜ್ಜಿ ಮಾಡಿದಳು. ಪುಂಡಿಯ ಹುಳಿ ಅದಕ್ಕೆ ಬರಲ್ಲ, ಇರಲಿ.

ಅಜ್ಜ ಇದ್ದಿದ್ದರೆ ಇಷ್ಟು ಅಡುಗೆ ಸಾಲಲ್ಲ ಅಂತಿದ್ದ. ಹಬ್ಬದ ದಿನ ಅವನು ಹೊಲದಲ್ಲಿ ಕೂರುತ್ತಲೇ ಇರಲಿಲ್ಲ. ರಸ್ತೆಗೆ ಹೋಗಿ ನಿಂತು, ಬಸ್ಸಿಗೆ ಕಾದವರು, ಕುರಿ ಕಾಯೋರು, ಸೈಕಲ್ ಮೇಲೆ ಸ್ಟೀಲ್ ಪಾತ್ರೆ ಮಾರೋರು, ಯಾರು ಸಿಕ್ಕರೂ ಕೈ ಹಿಡಿದು ಕರ್ಕೊಂಡು ಬರ್ತಿದ್ದ. ತಾನು ಉಣ್ಣೋದು ಎಲ್ಲರಾದ ಮೇಲೆ. ಎಷ್ಟೋ ವರ್ಷ ಅವನಿಗೆ ಉಳಿದದ್ದು ಚಟ್ನಿ ಮತ್ತು ಒಣರೊಟ್ಟಿ. ಅವನ ಜೊತೆ ಅಜ್ಜಿಗೂ ಅಷ್ಟೇ. "ಊರಿಗೆ ಉಪಕಾರಿ, ಮನೆಗೆ ಮಾರಿ" ಅಂತ ಅವಳು ಬೈಯ್ಯೋದು ನಮಗೆಲ್ಲ ಬಾಯಿಪಾಠ.

ಅವಳು ಬೈಯ್ಯೋದರಲ್ಲಿ ಸುಳ್ಳೇನೂ ಇರಲಿಲ್ಲ. 1972ರ ಬರಗಾಲದಲ್ಲಿ ಅಜ್ಜ ಮನೆಯ ಹಗೇವು ತೆಗೆಸಿದ. ಹಗೇವು ಅಂದರೆ ನೆಲದೊಳಗೆ ತೋಡಿದ ಜೋಳದ ಗುಂಡಿ. ಬಾಯಿ ತೆಗೆದ ಕೂಡಲೇ ಇಳಿದರೆ ಉಸಿರುಗಟ್ಟಿ ಸಾಯ್ತಾರೆ, ಗಾಳಿ ಆಡೋಕೆ ಬಿಟ್ಟು, ಆಮೇಲೆ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳೀಬೇಕು. ಅಷ್ಟು ಜೋಪಾನವಾಗಿ ತೆಗೆದ ಜೋಳವನ್ನು ಸೇರಿನಲ್ಲಿ ಅಳೆದು ಓಣಿಗೆಲ್ಲ ಕೊಟ್ಟ. ಲೆಕ್ಕ ಬರೆದಿಡಲಿಲ್ಲ. ಮರುವರ್ಷ ಕೆಲವರು ತಂದುಕೊಟ್ಟರು, ಕೆಲವರು ಇಲ್ಲ. ಆ ವರ್ಷ ಬಿತ್ತನೆ ಬೀಜಕ್ಕೆ ಅಜ್ಜಿಯ ಬೆಂಡೋಲೆ ಹೋಯ್ತು, ಅದು ಮತ್ತೆ ಬರಲೇ ಇಲ್ಲ.

ಅವನು ಹುಟ್ಟಿದ್ದು 1930, ಅದೂ ಕಾಗದದ ಲೆಕ್ಕ. ನಿಜಾಮನ ಕಾಲದ ಸಾಲೆಯಲ್ಲಿ ಉರ್ದು ಕಲಿತವನು. ನಿಜಾಮನ ಪರ ನಿಂತ ರಜಾಕಾರರ ಹಾವಳಿಯಲ್ಲಿ ಹದಿನೆಂಟರ ಹುಡುಗ, ರಾತ್ರಿ ನಿಜಾಮನ ಸೀಮೆಯ ಗಡಿ ದಾಟಿ ಮುಂಡರಗಿ ಕಡೆ ಹೋದವರ ಜೊತೆ ತಾನೂ ಹೋಗಿದ್ದ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಭಾರತಕ್ಕೆ ಶರಣಾದ ನಂತರ ತಿರುಗಿ ಬಂದ. ಆ ಕಥೆ ಕೇಳಿದರೆ ಗುಂಡು, ಬಂದೂಕು ಏನೂ ಹೇಳ್ತಿರಲಿಲ್ಲ. ಗುರುತು ಪರಿಚಯ ಇಲ್ಲದ ಮನೆಯವರು ತಿಂಗಳುಗಟ್ಟಲೆ ರೊಟ್ಟಿ ಹಾಕಿದರು ಅನ್ನೋದನ್ನೇ ಹೇಳ್ತಿದ್ದ. ಆಮೇಲೆ ಅರವತ್ತು ವರ್ಷ ಅವನು ಮಾಡಿದ್ದೂ ಅದೇ ಕೆಲಸ ಅಲ್ವಾ? ಎಳ್ಳ ಅಮವಾಸ್ಯೆ ಆಗಿ ಎರಡೂವರೆ ವಾರಕ್ಕೆ ಕೊಪ್ಪಳದ ಗವಿಸಿದ್ಧೇಶ್ವರ ತೇರು, ಪುಷ್ಯ ಬಹುಳ ಬಿದಿಗೆ. ಮಠದ ದಾಸೋಹಕ್ಕೆ ಮನೆಮನೆಯ ರೊಟ್ಟಿ ಕೂಡಿಸಿ ಮೊದಲು ಚಕ್ಕಡಿಯಲ್ಲಿ, ಆಮೇಲೆ ಟ್ರ್ಯಾಕ್ಟರಿನಲ್ಲಿ ಒಯ್ತಿದ್ದ. 2019ರಲ್ಲಿ ಗವಿಮಠದ ಸ್ವಾಮೀಜಿ ಹಿರೇಹಳ್ಳದ ಹೂಳು ತೆಗೆಸೋಕೆ ನಿಂತಾಗ, ಎಂಬತ್ತೊಂಬತ್ತರ ಮುದುಕ ನಾನೂ ಬರ್ತೀನಿ ಅಂತ ಹಟ ಹಿಡಿದು ಹೋಗಿ ದಂಡೆ ಮೇಲೆ ಕೂತು ಬಂದ. ನನ್ನ ಮದುವೆಗೆ ಮಾತ್ರ ಎರಡು ತಾಸು ತಡವಾಗಿ ಬಂದ. ಯಾರದೋ ಮನೆಯ ವ್ಯಾಜ್ಯ ಬಗೆಹರಿಸ್ತಾ ಇದ್ದನಂತೆ. ಅದು ನನಗೆ ಇನ್ನೂ ಸಿಟ್ಟಿದೆ.

ಝಜ್ಜರ್‌ನಲ್ಲಿ ಎರಡು ದಿನ ಮೊದಲು ಮಳೆ ಬಿದ್ದು ಹೊಲ ಕೆಸರಾಗಿತ್ತು. ಆದರೂ ನಮ್ಮ ಎರಿ ಹಂಗೆ ಮೆಟ್ಟು ಕಿತ್ತುಕೊಳ್ಳೋ ಮಣ್ಣಲ್ಲ. ಬನ್ನಿಯನ್ನೇ ಹೋಲುವ ಒಂದು ಗಿಡದ ಕೆಳಗೆ ಐದು ಕಲ್ಲು ಇಟ್ಟೆವು. ಸಾಸಿವೆ ಹೂವು ಸೊಂಟದ ತನಕ. ನಾನು ಕೂಗಿದೆ, ಮಗಳು ಹಿಂದಿಂದ ನಗ್ತಾ ನೀರು ಚಿಮುಕಿಸಿದಳು. ಇವರಿಗೇನಾಗಿದೆ ಅಂತ ನೋಡ್ತಿದ್ದ ಹೊಲದ ಯಜಮಾನ ಕೇಳಿದ. ನನ್ನ ಹರಕು ಹಿಂದಿಯಲ್ಲಿ ಹೇಳೋಕೆ ಹೋಗಿ ಸೋತೆ. ಅಜ್ಜ ಇದ್ದಿದ್ದರೆ ತನ್ನ ಸಾಲೆಯ ಉರ್ದುವಿನಲ್ಲಿ ಹತ್ತು ನಿಮಿಷದಲ್ಲಿ ಬೀಗತನ ಬೆಳೆಸ್ತಿದ್ದ. 2011ರಲ್ಲಿ ದಿಲ್ಲಿಗೆ ಬಂದಾಗ ಆಟೋದವನನ್ನು ಮನೆಗೇ ಕರ್ಕೊಂಡು ಬಂದು ಚಹಾ ಕುಡಿಸಿದ್ದ.

ಊಟಕ್ಕೆ ಕೂತಾಗ ಯಜಮಾನನ ಮನೆಯವರು ಬಂದರು. ಪಕ್ಕದ ಹೊಲದಲ್ಲಿ ಕೆಲಸ ಮಾಡ್ತಿದ್ದ ಬಿಹಾರದ ಆರು ಹುಡುಗರು ದೂರದಿಂದ ನೋಡ್ತಿದ್ದರು. ಯಾರೂ ಏನೂ ಹೇಳಲಿಲ್ಲ, ಹೆಂಡತಿ ನನ್ನ ಮುಖ ನೋಡಿದಳು, ನಾನು ಎದ್ದು ಹೋಗಿ ಕರೆದೆ. ಕಡುಬು ಮೊದಲು ಖಾಲಿ ಆಯ್ತು.

ಸಂಜೆ ಕಾರಿನಲ್ಲಿ ಗಂಟಿನಲ್ಲಿದ್ದ ಕೊನೆಯ ಸಜ್ಜೆ ರೊಟ್ಟಿಯನ್ನು ಮೂವರು ಹರಿದು ಗುರೆಳ್ಳು ಚಟ್ನಿ ಜೊತೆ ತಿನ್ತಿದ್ದಾಗ ಅಜ್ಜಿಯ ಫೋನ್ ಬಂತು.

"ಎಷ್ಟ್ ಮಂದಿ ಉಂಡ್ರು?"

"ನಮ್ಮನ್ನ ಬಿಟ್ಟು ಹದಿನೇಳು."

"ನಿಮಗೇನರ ಉಳೀತಾ?"

"ಒಂದು ರೊಟ್ಟಿ."

"ಗೊತ್ತಿತ್ತು ಬಿಡು" ಅಂದಳು.