ಕಿತ್ತಿದ್ದಲ್ಲ, ಜಾರಿದ್ದು

ಕೈನೂಲಿನ ಕೆಲಸಕ್ಕೆ ಸೇರಿದ ಮೇಲೆ ಒಂದು ವರ್ಷ ನಾನು ನೂತದ್ದೆಲ್ಲ ಉಣ್ಣೆ. ಸುಮಾರು 40 ಗ್ರಾಂ ತೂಕದ ತೂಗುಕದಿರು, ಅಂದರೆ ನೂಲುವ ಎಳೆಗೇ ಜೋತುಬಿದ್ದು ತಿರುಗುವ ಕದಿರು, ಮೇಲ್ತುದಿಯಲ್ಲಿ ಅಗಲ ಬಿಲ್ಲೆ, ಅದರ ಮೇಲೊಂದು ಕೊಕ್ಕೆ. ಕೈ ಪಳಗಿದೆ ಅನ್ನೋ ಜಂಬವೂ ಬಂದಿತ್ತು. ಆಗ ಅರಳೆಯ ಹಂಜಿ, ಅಂದರೆ ನೂಲಲು ಸುತ್ತಿಟ್ಟ ಹತ್ತಿಯ ಸುರುಳಿ, ಕೊಟ್ಟರು. ಅದೇ ಕದಿರನ್ನು ಎತ್ತಿಕೊಂಡೆ.

ಗೇಣುದ್ದ ಎಳೆ ಬರುವಷ್ಟರಲ್ಲಿ ಕದಿರು ನೆಲಕ್ಕೆ. ಮತ್ತೆ ಜೋಡಿಸಿದೆ, ಮತ್ತೆ ಬಿತ್ತು. ಎಳೆ ತೀರಾ ಸಣ್ಣದಾಯ್ತೇನೋ ಅಂದುಕೊಂಡು ದಪ್ಪ ಮಾಡಿದೆ. ಬೀಳುವುದು ನಿಂತಿತು. ಮೂರು ದಿನ ಕೂತು 100 ಗ್ರಾಂ ನೂತು ಕೊಟ್ಟೆ. ಮಗ್ಗದವರು ಅದನ್ನು ಹಾಸುನೂಲಾಗಿ, ಅಂದರೆ ಮಗ್ಗದ ಉದ್ದದ ಎಳೆಯಾಗಿ, ಹೂಡಿ ಬಿಗಿ ಕೊಟ್ಟ ಕೂಡಲೇ ನೂಲು ಅಲ್ಲಲ್ಲಿ ಬಿಟ್ಟುಕೊಂಡಿತು, ನೂಲಿನ ಲಡಿ ನನ್ನ ಹತ್ತಿರವೇ ವಾಪಸ್ ಬಂತು.

ಜೊತೆಯಲ್ಲಿ ಕೆಲಸ ಮಾಡುವ ಹಿರಿಯಕ್ಕ ಒಂದು ತುದಿ ಹಿಡಿದು ಬೆಳಕಿಗೆ ತೋರಿಸಿದರು. "ಇದು ಕಿತ್ತಿದ್ದಲ್ಲ ಕಣೇ, ಜಾರಿದ್ದು." ತುದಿ ಮೊಂಡಾಗಿರಲಿಲ್ಲ, ಕುಂಚದ ಮೊನೆ ಹಾಗೆ ಚೂಪಾಗಿತ್ತು. ಹುರಿ, ಅಂದರೆ ಎಳೆಗೆ ಕೊಡುವ ತಿರುಚು, ಸಾಲದ ನೂಲಿನ ಗುರುತು ಅದು. ಹುರಿ ಮಿತಿಮೀರಿದ ನೂಲಾದರೆ ಗಂಟು ಸುತ್ತಿಕೊಂಡು, ಎಳೆದರೆ ಪಟ್ಟನೆ ತುಂಡಾಗುತ್ತದೆ.

ಆಮೇಲೆ ಹಂಜಿಯಿಂದ ಒಂದೇ ಒಂದು ನಾರು ಕಿತ್ತು, ಉಣ್ಣೆಯ ಎಳೆಯ ಪಕ್ಕ ಇಟ್ಟರು. ಅರಳೆ ನಾರು 25-30 ಮಿಲಿಮೀಟರ್ ಇದ್ದರೆ ಹೆಚ್ಚು. ಉಣ್ಣೆ ನನ್ನ ನಡುಬೆರಳಷ್ಟು ಉದ್ದ, ಅದರ ಮೈ ಗುಂಗುರು, ಮೇಲೆ ಕಣ್ಣಿಗೆ ಕಾಣದ ಪೊರೆ. ಒಂದಕ್ಕೊಂದು ಕಚ್ಚಿಕೊಳ್ಳುವುದರಿಂದ ಹುರಿ ಕಮ್ಮಿಯಾದರೂ ನಡೆಯುತ್ತದೆ. ಗಿಡ್ಡ ಅರಳೆಯನ್ನು ಹಿಡಿದಿಡುವುದು ಬಿಗಿ ಹುರಿ ಮಾತ್ರ. ಹುರಿ ಏರುವ ಮೊದಲೇ ನನ್ನ ಕದಿರಿನ ಭಾರವೆಲ್ಲ ಆ ಎಳೆಗೆ ಜೋತುಬೀಳುತ್ತಿತ್ತು. ನಾನು ಬೈದುಕೊಂಡದ್ದು ಮಾತ್ರ ನನ್ನ ಬೆರಳುಗಳನ್ನು!

ಅಕ್ಕ ತಕಲಿ ಕೊಟ್ಟರು. ತೆಳ್ಳನೆ ಉಕ್ಕಿನ ಕಡ್ಡಿ, ಕೆಳಗೆ ಪುಟ್ಟ ಹಿತ್ತಾಳೆ ಬಿಲ್ಲೆ. ಮೊನೆಯನ್ನು ಬಟ್ಟಲಲ್ಲಿ ಊರಿ ತಿರುಗಿಸುವುದರಿಂದ ಎಳೆಯ ಮೇಲೆ ಭಾರವೇ ಇಲ್ಲ. ಕಡ್ಡಿ ತೆಳ್ಳಗಾದಷ್ಟೂ ಬೆರಳ ಒಂದು ಹೊಸೆತಕ್ಕೆ ಸುತ್ತು ಹೆಚ್ಚು. ಅಗಲ ಬಿಲ್ಲೆಯ ಅಂಚಿನಲ್ಲಿ ಭಾರ ಇದ್ದರೆ ಕದಿರು ನಿಧಾನವಾಗಿ, ಬಹಳ ಹೊತ್ತು ತಿರುಗುತ್ತದೆ. ಭಾರ ನಡುಗಡ್ಡಿಗೆ ಹತ್ತಿರ ಇದ್ದರೆ ರಭಸ, ಆದರೆ ಬೇಗ ನಿಲ್ಲುತ್ತದೆ.

ಕೈಯ ಅಭ್ಯಾಸವನ್ನೂ ಬಿಡಬೇಕಾಯಿತು. ಉಣ್ಣೆಗೆ ನಾನು ಹುರಿಯನ್ನು ಚಿವುಟಿ ತಡೆದು, ನಾರು ಎಳೆದುಕೊಂಡು, ಆಮೇಲೆ ಬಿಡುತ್ತಿದ್ದೆ. ಅರಳೆಗೆ ಹುರಿ ಓಡುತ್ತಿರುವಾಗಲೇ ಹಂಜಿ ಹಿಡಿದ ಕೈಯನ್ನು ಹಿಂದಕ್ಕೆ ಒಯ್ಯಬೇಕು. ಹುರಿ ಮೊದಲು ಓಡುವುದು ಸಣ್ಣ ಎಳೆ ಇದ್ದಲ್ಲಿಗೆ. ದಪ್ಪ ಉಳಿದ ಜಾಗ ಮೆತ್ತಗೇ ಇರುತ್ತದೆ, ಇನ್ನಷ್ಟು ಎಳೆದರೆ ಅದೂ ಸಪೂರವಾಗಿ ಸಮಕ್ಕೆ ಬರುತ್ತದೆ. ಇದು ಕಣ್ಣೆದುರೇ ಆಗುವುದನ್ನು ಮೊದಲ ಸಲ ನೋಡಿದಾಗ ತಕಲಿ ನಿಂತದ್ದೂ ಗೊತ್ತಾಗಲಿಲ್ಲ.

ಅಗಸೆ ನಾರಿನ ಸರದಿ ಬಂದಾಗ ಹಳೆ ತೂಗುಕದಿರು ಮತ್ತೆ ಕೆಲಸಕ್ಕೆ ಬಂತು. ಮೊಳಕ್ಕಿಂತ ಉದ್ದದ ನಾರು ಭಾರಕ್ಕೆ ಹೆದರುವುದಿಲ್ಲ. ಬೆರಳು ನೀರಲ್ಲಿ ಅದ್ದಿಕೊಂಡು ನೂತರೆ ನಾರಿನ ಅಂಟು ಮೆದುವಾಗಿ, ಎದ್ದ ಕೂದಲು ಎಳೆಗೆ ಒತ್ತಿಕೊಳ್ಳುತ್ತದೆ. ರೇಷ್ಮೆ ತುಂಡುನಾರಿಗೆ ಕದಿರಿಗಿಂತ ನನ್ನ ಒರಟು ಬೆರಳೇ ಕಾಟ. ಅಡ್ಡ ತೋಳಿನ ಟರ್ಕಿ ಕದಿರು ಸುಮ್ಮನೆ ಇಷ್ಟ: ತೋಳು ಕಳಚಿದರೆ ಉಂಡೆ ಕೈಗೆ ಬರುತ್ತದೆ.

ಈಗ ಯಾವ ನಾರು ಬಂದರೂ ಮೊದಲು ಒಂದು ಮೊಳ ನೂತು, ಮಡಿಸಿ, ಸಡಿಲ ಬಿಡುತ್ತೇನೆ. ಎರಡೆಳೆ ತಾನಾಗಿ ಸುತ್ತಿಕೊಳ್ಳುವುದನ್ನು ನೋಡಿದರೆ ಹುರಿ ಎಷ್ಟಿದೆ ಅಂತ ತಿಳಿಯುತ್ತದೆ. ವಾಪಸ್ ಬಂದಿದ್ದ ಆ 100 ಗ್ರಾಂ ನೂಲನ್ನು ಎಸೆಯಲಿಲ್ಲ. ತಕಲಿಯಲ್ಲಿ ಮತ್ತೊಮ್ಮೆ ಹಾಯಿಸಿ ಹುರಿ ಏರಿಸಿದೆ, ಒಂದೂವರೆ ದಿನ ಹಿಡಿಯಿತು. ಹಾಸುನೂಲಿಗೆ ಬೇಡ ಅಂದರು ಮಗ್ಗದವರು, ಹೊಕ್ಕುನೂಲಿಗೆ, ಅಂದರೆ ಅಡ್ಡ ಎಳೆಗೆ, ತೆಗೆದುಕೊಂಡರು.